ವಕೀಲರ ಮೆಟ್ಟಿಲು ಹತ್ತುವ ಮುನ್ನ, ಹತ್ತಿದ ಮೇಲೆ: ಮುಂಬಯಿ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬಯಿಯ ಫೋರ್ಟ್ ಭಾಗದಲ್ಲಿ ನಾನು ಕ್ಲಾರ್ಕ್ ಆಗಿದ್ದ ಸಾಲಿಸಿಟರ್ ಆಫೀಸು ಮೂರನೇ ಮಾಳಿಗೆಯಲ್ಲಿತ್ತು. ಲಿಫ್ಟ್ ಇತ್ತು, ನಡೆಯುತ್ತಿದ್ದ ದಿನಗಳು ಕಡಿಮೆ. ಒಂದು ಮಧ್ಯಾಹ್ನ ನಮ್ಮೂರ ಕಡೆಯ ಹೋಟೆಲಿನವರೊಬ್ಬರು ಏದುಸಿರು ಬಿಡುತ್ತಾ ಹತ್ತಿ ಬಂದು, ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಬಾಡಿಗೆ ರಶೀದಿ, ಮುನಿಸಿಪಾಲಿಟಿ ನೋಟಿಸು, ಯಾರದೋ ಮದುವೆಯ ಆಮಂತ್ರಣ, ಬೆಳ್ಳುಳ್ಳಿ ಸಿಪ್ಪೆ, ಇವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಸಮನ್ಸು. ಬಿಡಿಸಿ ನೋಡಿದರೆ ಕೈಗೆ ಸಿಕ್ಕಿ ನಾಲ್ಕು ತಿಂಗಳು ದಾಟಿದೆ.

"ನಮ್ಮದು ಸತ್ಯದ ಕೇಸು ಮಾರಾಯ್ರೆ, ಹೆದರಿಕೆ ಎಂತದು?" ಎಂದರು.

ಸತ್ಯದ ಕೇಸೇ ಆಗಿತ್ತು. ಆದರೆ ಸಿವಿಲ್ ದಾವೆಯ ಸಮನ್ಸು ಮುಟ್ಟಿದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಕೋರ್ಟು ಒಪ್ಪಿದರೆ 90 ದಿನದವರೆಗೆ. ಅದು ದಾಟಿದ್ದರಿಂದ ಎದುರಾಳಿಯ ಜೊತೆ ಜಗಳ ಶುರುವಾಗುವ ಮೊದಲೇ, ತಡವಾದದ್ದನ್ನು ಮನ್ನಿಸಿ ಎಂದು ಕೈಮುಗಿಯುವ ಅರ್ಜಿಗೆ ಖರ್ಚು ಮಾಡಬೇಕಾಯಿತು. ಕಮರ್ಷಿಯಲ್ ಕೋರ್ಟಿನ ದಾವೆಯಾಗಿದ್ದರೆ ಕೈಮುಗಿದೂ ಪ್ರಯೋಜನವಿರಲಿಲ್ಲ. ಅಲ್ಲಿ 120 ದಿನಕ್ಕೆ ಬಾಗಿಲು ಮುಚ್ಚಿದರೆ ಮುಚ್ಚಿದ ಹಾಗೆಯೇ.

ನಾನು ವಕೀಲನಲ್ಲ, ವಕೀಲರ ಕಾಗದ ಹೊತ್ತವನು. ಆ ಮೇಜಿನಿಂದ ನನಗೆ ಕಂಡದ್ದಿಷ್ಟು: ನಮ್ಮ ಜನ ಕಾನೂನು ಗೊತ್ತಿಲ್ಲದೆ ಸೋತದ್ದು ಕಡಿಮೆ. ಕಾಗದ ಎಲ್ಲಿದೆ, ತಾರೀಖು ಯಾವುದು ಎಂದು ಗೊತ್ತಿಲ್ಲದೆ ಸೋತದ್ದೇ ಹೆಚ್ಚು. ವಕೀಲರ ಕಪಾಟಿನಲ್ಲಿ ಇರುವಂಥದೇ ಒಂದು ಫೈಲು ನಿಮ್ಮ ಮನೆಯಲ್ಲೂ ಇರಬೇಕು. ಕೆಳಗೆ ಹೇಳುವುದೆಲ್ಲ ಆ ಎರಡನೇ ಫೈಲಿನ ಸುತ್ತವೇ.

1. ಮೊದಲು ಕೋರ್ಟು ಯಾವುದೆಂದು ತಿಳಿಯಿರಿ, ವಕೀಲರು ಆಮೇಲೆ

"ಒಳ್ಳೆ ವಕೀಲರು ಯಾರಾದರೂ ಇದ್ದಾರಾ?" ಎಂದು ಕೇಳುವವರಿಗೆ ನಾನು "ಎಲ್ಲಿಗೆ?" ಎಂದು ತಿರುಗಿ ಕೇಳುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರ ಹಲ್ಲು ತೋರಿಸುವುದಿಲ್ಲವಲ್ಲ. ಮುಂಬಯಿಯಲ್ಲಿ ಹಳೆ ಪಗಡಿ ಜಾಗ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದದ್ದು), ಬಾಡಿಗೆ ಜಗಳ ಇದ್ದರೆ ಅದು ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನ ವಿಷಯ. ಅಲ್ಲಿ ದಿನಾ ಓಡಾಡುವ ಬಾಡಿಗೆ ವಕೀಲರೇ ಬೇರೆ. ಬಿಲ್ಡರ್ ಫ್ಲ್ಯಾಟ್ ಕೊಡದಿದ್ದರೆ ಮಹಾರೇರಾ, ಅಂದರೆ ಬಿಲ್ಡರುಗಳ ಮೇಲಿನ ದೂರು ಕೇಳುವ ರಾಜ್ಯದ ಪ್ರಾಧಿಕಾರ. ಅಲ್ಲಿ ವಕೀಲರೇ ಬೇಕೆಂದಿಲ್ಲ, ನೀವೇ ವಾದಿಸಬಹುದು, ನಿಮ್ಮ ಚಾರ್ಟರ್ಡ್ ಅಕೌಂಟೆಂಟರನ್ನೂ ನಿಲ್ಲಿಸಬಹುದು. ಚೆಕ್ ಬೌನ್ಸ್ ಆದರೆ ಮ್ಯಾಜಿಸ್ಟ್ರೇಟ್ ಕೋರ್ಟು, ಅದೂ ನೀವು ಚೆಕ್ ಹಾಕಿದ ನಿಮ್ಮ ಖಾತೆಯ ಬ್ರಾಂಚ್ ಇರುವ ವ್ಯಾಪ್ತಿಯದು.

ದೊಡ್ಡ ಮೊತ್ತದ ಸಿವಿಲ್ ದಾವೆಯಾದರೆ ಒಂದು ಬದಲಾವಣೆ ನೆನಪಿಡಿ. ಮುಂಬಯಿ ಸಿಟಿ ಸಿವಿಲ್ ಕೋರ್ಟಿನ ಮಿತಿ 1 ಕೋಟಿ ಇದ್ದದ್ದು 2024ರ ಜನವರಿಯಿಂದ 10 ಕೋಟಿ ರೂಪಾಯಿ ಆಗಿದೆ. ಅದಕ್ಕೂ ಮೇಲಿನದು ಹೈಕೋರ್ಟಿನ ಒರಿಜಿನಲ್ ಸೈಡಿಗೆ, ಅಂದರೆ ಅಪೀಲಲ್ಲದೆ ದಾವೆಯನ್ನೇ ಮೊದಲು ಕೇಳುವ ವಿಭಾಗಕ್ಕೆ. ಅಂದರೆ ಹತ್ತು ವರ್ಷದ ಹಿಂದೆ ನಿಮ್ಮ ಭಾವನವರ ದಾವೆ ಹೈಕೋರ್ಟಿನಲ್ಲಿ ನಡೆಯಿತು ಎಂಬ ಕಾರಣಕ್ಕೆ ನಿಮಗೂ ಹೈಕೋರ್ಟಿನ ವಕೀಲರೇ ಬೇಕಾಗಲಿಕ್ಕಿಲ್ಲ.

ಡೊಂಬಿವಲಿಯವರಿಗೆ ಒಂದು ಮಾತು. ನಿಮ್ಮ ಫ್ಲ್ಯಾಟಿನ ದಾವೆ ಕಲ್ಯಾಣ ಕೋರ್ಟಿಗೆ ಹೋಗುತ್ತದೆ. ಫೋರ್ಟಿನ ವಕೀಲರು ಸೆಂಟ್ರಲ್ ಲೈನಿನಲ್ಲಿ ಅಲ್ಲಿಯವರೆಗೆ ಬರುವ ಪ್ರತಿ ದಿನಕ್ಕೂ ನೀವು ದುಡ್ಡು ಕೊಡಬೇಕು. ಸಾಲದ್ದಕ್ಕೆ ಅಲ್ಲಿಯ ಕಲಾಪ, ಸಾಕ್ಷಿ ಹೆಚ್ಚಾಗಿ ಮರಾಠಿಯಲ್ಲಿ. ಕಲ್ಯಾಣದ ವಕೀಲರೇ ಮೇಲು.

ಊರಿನ ಜಾಗದ ಪಾಲು ಪಂಚಾಯ್ತಿಗೆ ಮುಂಬಯಿಯಲ್ಲಿ ದಾವೆ ಹಾಕಲಿಕ್ಕೆ ಬರುವುದಿಲ್ಲ. ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿಯ ಕೋರ್ಟು. ಜಾಗ ಕಾರ್ಕಳದಲ್ಲಿದ್ದರೆ ಕೇಸೂ ಕಾರ್ಕಳದಲ್ಲಿ.

2. ಒಂದು ಹಾಳೆಯ ತಾರೀಖು ಪಟ್ಟಿ

ಇದನ್ನು ಮಾಡಿಕೊಂಡು ಹೋದವರನ್ನು ವಕೀಲರು ನೋಡುವ ದೃಷ್ಟಿಯೇ ಬೇರೆ. ಇಡೀ ಕಥೆಯನ್ನು ಅಜ್ಜನ ಕಾಲದಿಂದ ಹೇಳಬೇಡಿ. ಒಂದು ಹಾಳೆ ತೆಗೆದುಕೊಂಡು ಎಡಗಡೆ ತಾರೀಖು, ನಡುವೆ ನಡೆದದ್ದು, ಬಲಗಡೆ ಅದಕ್ಕೆ ಕಾಗದ ಇದೆಯೋ ಇಲ್ಲವೋ ಎಂದು ಬರೆಯಿರಿ. ನಾನು ಆ ಹೋಟೆಲಿನವರಿಗೆ ಬರೆದುಕೊಟ್ಟದ್ದು ಹೀಗಿತ್ತು:

ಕರಾರು ಆದ ದಿನ. ಐದು ವರ್ಷಕ್ಕೆ, ಡಿಪಾಸಿಟ್ ಕೊಟ್ಟದ್ದು ಚೆಕ್ಕಿನಲ್ಲಿ. ಕಾಗದ: ಕರಾರಿನ ಜೆರಾಕ್ಸ್ ಮಾತ್ರ, ಮೂಲ ಮಾಲೀಕನ ಬಳಿ.
ಅಡುಗೆಮನೆ ರಿಪೇರಿ. ಮಾಲೀಕ ಬಾಯಲ್ಲಿ ಹೂಂ ಎಂದದ್ದು. ಕಾಗದ: ಇಲ್ಲ. ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು.
ಬಾಡಿಗೆ ತಿರಸ್ಕರಿಸಿದ ತಿಂಗಳು. ಕಾಗದ: ವಾಪಸು ಬಂದ ಮನಿಯಾರ್ಡರ್ ಚೀಟಿ.
ಸಮನ್ಸು ಸಿಕ್ಕಿದ ದಿನ. ಕಾಗದ: ಇದೆ. ಸಹಿ ಹಾಕಿ ತೆಗೆದುಕೊಂಡವನು ಗಲ್ಲಾಪೆಟ್ಟಿಗೆಯ ಹುಡುಗ.

ಆ "ಇಲ್ಲ" ಎಂಬ ಸಾಲು ಬರೆಯುವಾಗ ಅವರಿಗೆ ನಾಚಿಕೆಯಾಯಿತು. ಆಗಬೇಕಾಗಿಲ್ಲ. ವಕೀಲರಿಗೆ ಮೊದಲು ಬೇಕಾದದ್ದೇ ಆ ಸಾಲು. ನಿಮಗೆ ಪ್ರತಿಕೂಲವಾದದ್ದನ್ನು ಮುಚ್ಚಿಟ್ಟರೆ ಅದು ಪಾಟೀಸವಾಲಿನ ದಿನ ಎದುರು ವಕೀಲರ ಬಾಯಿಂದ ಹೊರಬರುತ್ತದೆ. ನೀವು ವಕೀಲರಿಗೆ ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಅವರು ಬಹಿರಂಗ ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ರಕ್ಷಣೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಒಂದು ಅಪವಾದ: ಮುಂದೆ ಮಾಡಲಿರುವ ಅಪರಾಧಕ್ಕೆ ಉಪಾಯ ಕೇಳಿದರೆ ಆ ಗುಟ್ಟಿಗೆ ರಕ್ಷಣೆ ಇಲ್ಲ.

ಮೂಲ ಪತ್ರಗಳನ್ನು ಮೊದಲ ಭೇಟಿಯಲ್ಲಿ ತೋರಿಸಿ, ಕೊಟ್ಟು ಬರಬೇಡಿ. ಕೋರ್ಟಿಗೆ ಕೊಡಲೇಬೇಕಾದ ದಿನ ಕೊಡುವಾಗ, ಏನೇನು ಕೊಟ್ಟೆ ಎಂಬ ಪಟ್ಟಿಗೆ ಅವರ ಆಫೀಸಿನವರ ಸಹಿ ತೆಗೆದುಕೊಳ್ಳಿ. ಕೇಳಲಿಕ್ಕೆ ಸಂಕೋಚ ಬೇಡ. ಒಳ್ಳೆ ಆಫೀಸುಗಳಲ್ಲಿ ಅದು ರೂಢಿ. ಅಜ್ಜನ ಕನ್ನಡ ವಿಲ್ಲು, ಪಹಣಿ, ಪಾಲುಪಟ್ಟಿ ಇದ್ದರೆ ಅವನ್ನು ಇಂಗ್ಲಿಷಿಗೆ ಅನುವಾದಿಸಿ ದೃಢೀಕರಿಸಬೇಕಾಗುತ್ತದೆ. ಅದಕ್ಕೆ ವಾರಗಳೇ ಹಿಡಿಯಬಹುದು, ಮೊದಲೇ ಶುರುಮಾಡಿ. ನಮ್ಮ "ಮೂಲಗೇಣಿ" (ಶಾಶ್ವತ ಗೇಣಿ), "ಕುಮ್ಕಿ" (ಪಟ್ಟಾ ಜಾಗಕ್ಕೆ ತಾಗಿದ ಸರಕಾರಿ ಜಾಗ) ಇಂಥ ಶಬ್ದಗಳನ್ನು ಅನುವಾದಕರು ತಮಗೆ ತೋಚಿದಂತೆ ಮಾಡಿದ್ದನ್ನು ಕಂಡಿದ್ದೇನೆ. ಕುಮ್ಕಿ ಜಾಗ "ಸ್ವಂತ ಆಸ್ತಿ" ಆಗಿಬಿಟ್ಟರೆ ಕಥೆ ಮುಗಿಯಿತು. ಅನುವಾದವನ್ನು ನೀವೇ ಕೂತು ಓದಿ.

3. ಯಾರು ಏನು ಮಾಡುತ್ತಾರೆ

ಮುಂಬಯಿಯಲ್ಲಿ ಸಾಲಿಸಿಟರ್ ಎಂಬ ಶಬ್ದ ಇನ್ನೂ ಕಿವಿಗೆ ಬೀಳುತ್ತದೆ. ಕಾಗದ ಸಿದ್ಧಮಾಡುವ ಅಟಾರ್ನಿ ಒಬ್ಬ, ಕೋರ್ಟಿನಲ್ಲಿ ವಾದಿಸುವ ಕೌನ್ಸೆಲ್ ಇನ್ನೊಬ್ಬ ಎಂಬ ಇಬ್ಬಗೆಯ ಪದ್ಧತಿ ಹೈಕೋರ್ಟಿನ ಒರಿಜಿನಲ್ ಸೈಡಿನಲ್ಲಿತ್ತು. 1976ರ ತಿದ್ದುಪಡಿ ಅದನ್ನು ಕಾನೂನಿನಿಂದ ತೆಗೆದುಹಾಕಿತು. ರೂಢಿಯಿಂದ ತೆಗೆಯಲಾಗಲಿಲ್ಲ. ಬಾಂಬೆ ಇನ್ಕಾರ್ಪೊರೇಟೆಡ್ ಲಾ ಸೊಸೈಟಿ ಈಗಲೂ ಸಾಲಿಸಿಟರ್ ಪರೀಕ್ಷೆ ನಡೆಸುತ್ತದೆ. ಹಾಗಾಗಿ ದೊಡ್ಡ ಕೇಸಿನಲ್ಲಿ ನಿಮಗೆ ಎರಡು ಮೂರು ಬಿಲ್ಲು ಬರುತ್ತವೆ. ಆಫೀಸಿನದು ಒಂದು, ವಾದಿಸಿದ ಕೌನ್ಸೆಲರದು ಇನ್ನೊಂದು, ಸೀನಿಯರನ್ನು ನಿಲ್ಲಿಸಿದರೆ ಮತ್ತೊಂದು. ಸೀನಿಯರ್ ಅಡ್ವೊಕೇಟರು (ಕೋರ್ಟೇ ಆ ಪದವಿ ಕೊಟ್ಟ ವಕೀಲರು) ವಕಾಲತ್ತು ಹಾಕುವಂತಿಲ್ಲ, ನೇರವಾಗಿ ನಿಮ್ಮಿಂದ ಕೇಸು ತೆಗೆದುಕೊಳ್ಳುವಂತಿಲ್ಲ. "ಸೀನಿಯರೇ ನೇರ ನೋಡಿಕೊಳ್ಳುತ್ತಾರೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವಕೀಲರು ಜಾಹೀರಾತು ಕೊಡುವುದನ್ನು ಅವರನ್ನು ನಿಯಂತ್ರಿಸುವ ಬಾರ್ ಕೌನ್ಸಿಲಿನ ನಿಯಮ ನಿಷೇಧಿಸಿದೆ. ಆದ್ದರಿಂದ ಹುಡುಕುವ ದಾರಿ ಬಾಯಿಮಾತೇ. ಆದರೆ ಕೇಳುವಾಗ "ಅವರು ಹೇಗೆ?" ಎನ್ನದೆ "ನಿಮ್ಮ ಕೇಸು ಯಾವ ಕೋರ್ಟಿನಲ್ಲಿತ್ತು, ಫೋನು ಎತ್ತುತ್ತಿದ್ದರಾ, ಕೊನೆಗೆ ಎಷ್ಟಾಯಿತು?" ಎಂದು ಕೇಳಿ. ನಮ್ಮವರೇ ಎಂಬುದು ಒಂದು ಗುಣ, ಅರ್ಹತೆಯಲ್ಲ. ತುಳು ಮಾತಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಕ್ರಿಮಿನಲ್ ವಕೀಲರಿಗೆ ಸೊಸೈಟಿ ಜಗಳ ಕೊಟ್ಟವರು ನನಗೆ ಗೊತ್ತು. ಆಗಿದ್ದೇನೆಂದರೆ, ಬೈಯುವಾಗ ಮಾತ್ರ ಭಾಷೆಯ ಅನುಕೂಲವಾಯಿತು.

ಮೊದಲ ಭೇಟಿಯಲ್ಲೇ ಎದುರಾಳಿಯ ಹೆಸರು ಹೇಳಿ. ಅವರೊಂದಿಗೆ ಈ ಆಫೀಸಿಗೆ ಸಂಬಂಧ ಇದೆಯೇ ಎಂದು ಕೇಳಿ. ಮಾತಿನ ನಡುವೆ "ಜಡ್ಜ್ ನನಗೆ ಗೊತ್ತು", "ಸೆಟ್ಟಿಂಗ್ ಮಾಡುವಾ" ಎಂಬ ಮಾತು ಬಂದರೆ ಚಹಾ ಪೂರ್ತಿ ಕುಡಿಯದೆಯೂ ಏಳಬಹುದು.

4. ಫೀಸು: ಮಾತು ಬಾಯಲ್ಲಿ ಬೇಡ

ನಮ್ಮವರು ಹೋಟೆಲಿಗೆ ತರಕಾರಿ ತರುವಾಗ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುತ್ತಾರೆ. ವಕೀಲರ ಎದುರು ಮಾತ್ರ "ನೀವು ಹೇಳಿದಷ್ಟು" ಎಂದುಬಿಡುತ್ತಾರೆ. ಆಮೇಲೆ ಮೂರು ವರ್ಷ ಗೊಣಗುತ್ತಾರೆ. ಮೊದಲ ದಿನವೇ ಕೇಳಬೇಕಾದದ್ದು ಇವು: ಡ್ರಾಫ್ಟಿಂಗಿಗೆ ಎಷ್ಟು? ಕೋರ್ಟಿಗೆ ಹಾಜರಾದ ದಿನಕ್ಕೆ ಎಷ್ಟು, ಕೇಸು ಕರೆಯದೆ ಬರಿದೇ ಮುಂದೂಡಿದ ದಿನಕ್ಕೂ ಅಷ್ಟೇ ಕೊಡಬೇಕಾ? ಕೌನ್ಸೆಲರ ಜೊತೆ ಕಾನ್ಫರೆನ್ಸಿಗೆ ಪ್ರತ್ಯೇಕವಾ? ಕೌನ್ಸೆಲರ ಫೀಸಿನ ಮೇಲೆ ಕ್ಲಾರ್ಕೇಜ್ (ಅವರ ಕ್ಲಾರ್ಕಿನ ಪಾಲು) ಇದೆಯಾ? ಕೋರ್ಟ್ ಫೀ, ಟೈಪಿಂಗ್, ಜೆರಾಕ್ಸ್, ನೋಟರಿ ಇವು ಒಳಗಾ, ಹೊರಗಾ?

ಇದರಲ್ಲಿ ಎರಡನೇ ಪ್ರಶ್ನೆಯೇ ಜೀವಾಳ. ಹೈಕೋರ್ಟಿನ ಬೋರ್ಡಿನಲ್ಲಿ, ಅಂದರೆ ಆ ದಿನದ ಕೇಸುಗಳ ಪಟ್ಟಿಯಲ್ಲಿ, ನಿಮ್ಮ ಮ್ಯಾಟರು 140ನೇ ನಂಬರಿಗಿದ್ದರೆ ಸಂಜೆಯವರೆಗೆ ಕಾದು "ನಾಟ್ ರೀಚ್ಡ್" ಎಂದು ವಾಪಸು ಬರುವುದು ಮಾಮೂಲು. ವಕೀಲರ ದಿನ ಹೋಗಿದೆ ಎಂಬುದು ನಿಜ, ನಿಮ್ಮ ಕೇಸು ಒಂದಿಂಚು ಸರಿಯಲಿಲ್ಲ ಎಂಬುದೂ ನಿಜ. ಇಂಥ ದಿನಕ್ಕೆ ಕಡಿಮೆ ದರ ಎಂದು ಮೊದಲೇ ಒಪ್ಪಿಕೊಂಡರೆ ಇಬ್ಬರಿಗೂ ನೆಮ್ಮದಿ.

ಮಾತಾದದ್ದನ್ನು ಆ ರಾತ್ರಿಯೇ ಇಮೇಲಿನಲ್ಲೋ ವಾಟ್ಸಾಪಿನಲ್ಲೋ ನಾಲ್ಕು ಸಾಲು ಬರೆದು ಕಳಿಸಿ: "ಸರ್, ಇವತ್ತು ಮಾತಾಡಿದ ಹಾಗೆ ಇಷ್ಟಿಷ್ಟು, ತಪ್ಪಿದ್ದರೆ ತಿಳಿಸಿ." ಅದೇ ನಿಮ್ಮ ಕರಾರು. ನಗದು ಕೊಟ್ಟರೆ ರಶೀದಿ. "ಗೆದ್ದರೆ ಬಂದದ್ದರಲ್ಲಿ ಶೇಕಡಾ 20 ಕೊಡಿ, ಸೋತರೆ ಬೇಡ" ಎಂಬ ಒಪ್ಪಂದ ಅಮೆರಿಕದಲ್ಲಿ ನಡೆಯುತ್ತದೆ, ನಮ್ಮಲ್ಲಿ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ನಿಷಿದ್ಧ. ಕೇಳಲಿಕ್ಕೆ ಸಿಹಿ ಎನಿಸಿದರೂ ಅಂಥ ಕಾಗದಕ್ಕೆ ಸಹಿ ಬೇಡ.

ದುಡ್ಡಿಲ್ಲದವರಿಗೆ ದಾರಿ ಇಲ್ಲ ಎಂದುಕೊಳ್ಳಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ಆಫೀಸು ಇರುತ್ತದೆ.

5. ಸಹಿ ಹಾಕುವ ಮೇಜು

ವಕಾಲತ್ತು ಎಂದರೆ ನಿಮ್ಮ ಪರವಾಗಿ ನಿಲ್ಲುವ ಅಧಿಕಾರ. ಅಚ್ಚಾದ ಫಾರಮ್ಮಿನಲ್ಲಿ ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವೂ ಸಣ್ಣ ಅಕ್ಷರದಲ್ಲಿ ಸೇರಿರುತ್ತದೆ. ನಿಮ್ಮ ಸ್ಪಷ್ಟ ಸೂಚನೆಯಿಲ್ಲದೆ ನಿಮ್ಮ ಹಕ್ಕನ್ನು ಬಿಟ್ಟುಕೊಡುವ ಮಾತನ್ನು ವಕೀಲರು ಆಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದರೂ ಆ ಸಾಲು ಬೇಡವೆನಿಸಿದರೆ ಹೊಡೆದುಹಾಕಲು ಕೇಳಿ.

ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. "ಊರಿಗೆ ಹೋಗುತ್ತಿದ್ದೀರಿ, ನಾಲ್ಕು ಸಹಿ ಮಾಡಿಟ್ಟು ಹೋಗಿ" ಎಂದು ಕ್ಲಾರ್ಕುಗಳು ಹೇಳುತ್ತಾರೆ. ನಾನೂ ಹೇಳಿದ್ದೇನೆ, ಅದರ ಬಗ್ಗೆ ಹೆಮ್ಮೆ ಇಲ್ಲ. ಅಫಿಡವಿಟ್ಟಿನಲ್ಲಿ "ಇದರಲ್ಲಿರುವುದು ನನಗೆ ಗೊತ್ತಿರುವಂತೆ ಸತ್ಯ" ಎಂದು ಪ್ರಮಾಣ ಮಾಡುವವರು ನೀವು, ವಕೀಲರಲ್ಲ. ಇಂಗ್ಲಿಷ್ ಓದಲಾಗದಿದ್ದರೆ ಮನೆಯ ಮಕ್ಕಳಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡು ಆಮೇಲೆ ನೋಟರಿಯ ಎದುರು ಕೂರಿ. ಸಹಿ ಹಾಕಿದ ಪ್ರತಿ ಕಾಗದದ ಒಂದು ಪ್ರತಿ ಅದೇ ದಿನ ಎರಡನೇ ಫೈಲಿಗೆ.

6. ತಾರೀಖಿನ ಹಿಂದೆ ಓಡುವುದು

ದಾವೆ ಹಾಕಿಯಾಯಿತು ಎಂದರೆ ಮುಗಿಯಲಿಲ್ಲ. ರಿಜಿಸ್ಟ್ರಿಯವರು ಕಾಗದ ನೋಡಿ ತಪ್ಪು ತೆಗೆಯುತ್ತಾರೆ: ಪುಟದ ನಂಬರು ಇಲ್ಲ, ಜೆರಾಕ್ಸ್ ಮಸುಕು, ಸ್ಟಾಂಪು ಕಡಿಮೆ. ಇದಕ್ಕೆ ಆಫೀಸ್ ಆಬ್ಜೆಕ್ಷನ್ ಎನ್ನುತ್ತಾರೆ. ಹೈಕೋರ್ಟಿನಲ್ಲಿ ಕೊಟ್ಟ ಗಡುವಿನೊಳಗೆ ಇವನ್ನು ತೆಗೆಸದಿದ್ದರೆ ನ್ಯಾಯಮೂರ್ತಿಗಳ ಮುಖ ನೋಡುವ ಮೊದಲೇ ಕೇಸು ವಜಾ ಆಗಬಹುದು. ತಿಂಗಳುಗಟ್ಟಲೆ "ಕೇಸು ಪೆಂಡಿಂಗ್ ಇದೆ" ಎಂದುಕೊಂಡು ಆರಾಮಾಗಿದ್ದವರ ಕೇಸು ನಿಜಕ್ಕೂ ಬದುಕಿಯೇ ಇಲ್ಲದ್ದನ್ನು ನೋಡಿದ್ದೇನೆ. ಆದ್ದರಿಂದ ಫೈಲಿಂಗ್ ಆದ ಎರಡು ವಾರಕ್ಕೆ ಕೇಳಬೇಕಾದ ಪ್ರಶ್ನೆ "ಡೇಟ್ ಯಾವಾಗ?" ಎಂಬುದಲ್ಲ, "ಆಬ್ಜೆಕ್ಷನ್ ತೆಗೆಸಿದಿರಾ, ನಂಬರ್ ಬಿತ್ತಾ?" ಎಂಬುದು.

ನಂಬರ್ ಬಿದ್ದ ಮೇಲೆ 16 ಅಕ್ಷರ ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೇಳಿ ಪಡೆಯಿರಿ. ಇಕೋರ್ಟ್ಸ್ ಸರ್ವಿಸಸ್ ಎಂಬ ಸರಕಾರಿ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು, ಆದೇಶದ ಪ್ರತಿ ಎಲ್ಲ ಬರುತ್ತದೆ. ವಕೀಲರ ಮೇಲೆ ಪಹರೆ ಇಡಲಿಕ್ಕಲ್ಲ ಇದು. ಅವರ ಬಳಿ ಇನ್ನೂರು ಫೈಲು, ನಿಮ್ಮ ಬಳಿ ಒಂದೇ.

ಫೋನು ಮಾಡುವುದರಲ್ಲೂ ಒಂದು ಕ್ರಮ ಇರಲಿ. ಬೆಳಗ್ಗೆ ಹತ್ತೂವರೆಯಿಂದ ಸಂಜೆ ಐದರವರೆಗೆ ವಕೀಲರು ಕೋರ್ಟಿನಲ್ಲಿ, ಫೋನು ಸೈಲೆಂಟು. ಆಗ ಒಂಬತ್ತು ಸಲ ಕರೆ ಮಾಡಿ "ಎತ್ತುವುದೇ ಇಲ್ಲ" ಎನ್ನುವುದು ನ್ಯಾಯವಲ್ಲ. ತಾರೀಖಿನ ದಿನ ಸಂಜೆ ಒಂದು ಮೆಸೇಜು, ಮೂರು ಪ್ರಶ್ನೆ: ಇವತ್ತು ಏನಾಯಿತು, ಮುಂದಿನದು ಯಾವಾಗ, ನಾನು ಏನು ತರಬೇಕು? ಆಫೀಸಿನ ಕ್ಲಾರ್ಕಿನ ನಂಬರೂ ಇಟ್ಟುಕೊಳ್ಳಿ. ಸ್ವಜಾತಿ ಅಭಿಮಾನ ಎಂದುಕೊಂಡರೂ ಪರವಾಗಿಲ್ಲ, ಕಾಗದ ಎಲ್ಲಿದೆ ಎಂದು ಗೊತ್ತಿರುವುದು ಅವನಿಗೇ.

ಚೆಕ್ ಬೌನ್ಸಿನ ಲೆಕ್ಕವನ್ನು ಮಾತ್ರ ವಕೀಲರು ಹೇಳುವವರೆಗೂ ಕಾಯದೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬ್ಯಾಂಕಿನಿಂದ ಚೆಕ್ ವಾಪಸಾದ ಸುದ್ದಿ ಬಂದ 30 ದಿನದೊಳಗೆ ಲಿಖಿತ ನೋಟಿಸು ಹೋಗಬೇಕು. ನೋಟಿಸು ಸಿಕ್ಕಿದವನಿಗೆ ದುಡ್ಡು ಕೊಡಲು 15 ದಿನ. ಕೊಡದಿದ್ದರೆ ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಕೊನೆಯ ಗಡುವು ತಪ್ಪಿದರೆ ತಕ್ಕ ಕಾರಣ ಕೊಟ್ಟು ಕೋರ್ಟನ್ನು ಒಪ್ಪಿಸಬಹುದು. ಮೊದಲ 30 ದಿನ ತಪ್ಪಿದರೆ ಆ ಸಲದ ಬೌನ್ಸಿನ ಮೇಲೆ ಕ್ರಿಮಿನಲ್ ಕೇಸು ಹೋಯಿತು; ಚೆಕ್ಕಿನ ಅವಧಿ ಉಳಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕುವುದೊಂದೇ ದಾರಿ. "ಮುಂದಿನ ವಾರ ಕೊಡುತ್ತೇನೆ ಅಣ್ಣ" ಎಂದು ಎಳೆಯುವವನಿಗೆ ಈ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

7. ಹೋಟೆಲಿನವರಿಗೆ: ಕಂಡಕ್ಟಿಂಗ್ ಮತ್ತು ಲೀವ್ ಲೈಸೆನ್ಸ್

ಜಗಳ ಬಂದ ಮೇಲೆ ಕೊಡುವ ಫೀಸಿನ ಒಂದು ಪಾಲನ್ನು ಕರಾರು ಬರೆಸುವಾಗಲೇ ಖರ್ಚು ಮಾಡಿದರೆ ಎಷ್ಟೋ ಉಳಿತಾಯ. ಹೋಟೆಲನ್ನು ಕಂಡಕ್ಟಿಂಗಿಗೆ ಕೊಡುವಾಗ, ಅಂದರೆ ನಡೆಯುತ್ತಿರುವ ವ್ಯಾಪಾರವನ್ನು ಇನ್ನೊಬ್ಬರಿಗೆ ನಡೆಸಲು ಬಿಡುವಾಗ, ನಮ್ಮವರು ಹಳೆಯ ಕರಾರಿನ ಹೆಸರು ಬದಲಿಸಿ ಸಹಿ ಹಾಕುತ್ತಾರೆ. ಮೇಲೆ "ಕಂಡಕ್ಟಿಂಗ್" ಎಂದು ಬರೆದಿದ್ದರೂ ಒಳಗಿನ ಷರತ್ತುಗಳು ಬಾಡಿಗೆಯಂತಿದ್ದರೆ ಕೋರ್ಟು ಹೆಸರನ್ನು ನೋಡುವುದಿಲ್ಲ, ವ್ಯವಹಾರ ನಿಜವಾಗಿ ಏನು ಎಂದು ನೋಡುತ್ತದೆ. ಬೀಗದ ಕೈ ಯಾರ ಬಳಿ, ಲೈಸೆನ್ಸುಗಳು ಯಾರ ಹೆಸರಿನಲ್ಲಿ, ಕೆಲಸದವರ ಸಂಬಳ ಯಾರದು, ಪಾತ್ರೆ ಫ್ರಿಜ್ಜುಗಳ ಪಟ್ಟಿ ಇದೆಯೇ ಎಂಬುದನ್ನು ವಕೀಲರ ಜೊತೆ ಕೂತು ಒಂದೊಂದಾಗಿ ಬರೆಸಿ.

ಲೀವ್ ಲೈಸೆನ್ಸ್ ಕರಾರನ್ನು (ಬಾಡಿಗೆದಾರನ ಹಕ್ಕು ಕೊಡದೆ ಜಾಗವನ್ನು ಬಳಸಲಿಕ್ಕಷ್ಟೇ ಬಿಡುವ ಕರಾರು) ನೋಂದಣಿ ಮಾಡಿಸುವುದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಕಡ್ಡಾಯ, ಜವಾಬ್ದಾರಿ ಮಾಲೀಕನದು. ನೋಂದಣಿ ಇಲ್ಲದಿದ್ದರೆ ಷರತ್ತು ಏನಿತ್ತು ಎಂಬುದರಲ್ಲಿ ಬಾಡಿಗೆಗಿದ್ದವನ ಮಾತೇ ಮೊದಲು ಮೇಲಾಗುತ್ತದೆ. ನೂರು ರೂಪಾಯಿ ಸ್ಟಾಂಪು ಪೇಪರು, ನೋಟರಿ ಸೀಲು ಸಾಕು ಎನ್ನುವ ಎಸ್ಟೇಟ್ ಏಜೆಂಟನ ಮಾತು ಕೇಳಿದರೆ ನಷ್ಟ ಮಾಲೀಕನಿಗೇ.

8. ಊರಿನ ಕೇಸು, ಮುಂಬಯಿಯ ವಾಸ

ಊರಿನ ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ನಿಶ್ಚಿಂತೆಯಾಗುವುದು ನಮ್ಮ ಅಭ್ಯಾಸ. ಅವನು ಸಹಿ ಹಾಕಬಹುದು, ವಕೀಲರನ್ನು ನೇಮಿಸಬಹುದು. ಆದರೆ ನಿಮಗೆ ಖುದ್ದಾಗಿ ಮಾತ್ರ ಗೊತ್ತಿರುವ ಸಂಗತಿಗೆ ನಿಮ್ಮ ಬದಲು ಅವನು ಸಾಕ್ಷಿ ಹೇಳಲಾಗದು, 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಪ್ಪ ನಿಮ್ಮ ಎದುರು ದುಡ್ಡು ಕೊಟ್ಟರು ಎಂಬುದನ್ನು ನೀವೇ ಕಟಕಟೆಯಲ್ಲಿ ಹೇಳಬೇಕು. ಅಧಿಕಾರಪತ್ರದಲ್ಲಿ ಮಾರುವ, ಅಡವಿಡುವ ಅಧಿಕಾರ ಅಗತ್ಯವಿಲ್ಲದಿದ್ದರೆ ಸೇರಿಸಬೇಡಿ. ತಮ್ಮನ ಮೇಲೆ ಸಂಶಯ ಎಂದಲ್ಲ, ತಮ್ಮನ ನಂತರ ಆ ಅಧಿಕಾರ ಮುಗಿದರೂ ಕಾಗದ ಉಳಿಯುತ್ತದೆ.

9. ವಕೀಲರು ಸರಿಹೋಗದಿದ್ದರೆ

ಮೊದಲು ಎದುರು ಕೂತು ಮಾತಾಡಿ. ಅರ್ಧ ಮನಸ್ತಾಪ ಅಲ್ಲೇ ತೀರುತ್ತದೆ. ತೀರದಿದ್ದರೆ ಬದಲಿಸುವ ಹಕ್ಕು ನಿಮ್ಮದು. ಹಳೆಯವರಿಂದ ನೋ ಅಬ್ಜೆಕ್ಷನ್ ಪಡೆದು ಹೊಸ ವಕಾಲತ್ತು ಹಾಕುವುದು ಕ್ರಮ, ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. "ಬಾಕಿ ಫೀಸು ಕೊಡದೆ ಫೈಲು ಕೊಡುವುದಿಲ್ಲ" ಎಂದರೆ ಅದು ನಡೆಯದು. ಕಕ್ಷಿದಾರನ ಫೈಲನ್ನು ಫೀಸಿಗಾಗಿ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ. ಬಾಕಿ ಇದ್ದರೆ ಅದನ್ನು ಬೇರೆಯಾಗಿ ವಸೂಲಿ ಮಾಡಿಕೊಳ್ಳಲಿ. ನೀವೂ ನ್ಯಾಯವಾದ ಬಾಕಿ ಇಟ್ಟುಕೊಳ್ಳಬೇಡಿ.

ದುರ್ನಡತೆಯೇ ಆಗಿದ್ದರೆ ದೂರು ಬಾರ್ ಕೌನ್ಸಿಲ್ ಆಫ್ ಮಹಾರಾಷ್ಟ್ರ ಆ್ಯಂಡ್ ಗೋವಾಗೆ, 1961ರ ಅಡ್ವೊಕೇಟ್ಸ್ ಕಾಯ್ದೆಯಡಿ. ಗ್ರಾಹಕ ನ್ಯಾಯಾಲಯಕ್ಕೆ ಹೋಗಲಾಗದು, ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ತೀರ್ಮಾನವಾಗಿದೆ. ಕೇಸು ಸೋತದ್ದು ಮಾತ್ರ ದುರ್ನಡತೆಯಲ್ಲ.

10. ತೀರ್ಪು ಬಂದ ಸಂಜೆ

ಗೆದ್ದರೂ ಸೋತರೂ ಅದೇ ದಿನ ಅಥವಾ ಮರುದಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ. ಅಪೀಲಿಗೆ ಕೆಲವು ತೀರ್ಪಿಗೆ 30 ದಿನ, ಕೆಲವಕ್ಕೆ 90. ನಿಮ್ಮದು 30 ಎಂದೇ ಇಟ್ಟುಕೊಂಡು ನಡೆಯಿರಿ. ಪ್ರತಿ ಸಿದ್ಧವಾಗಲು ಹಿಡಿದ ದಿನಗಳನ್ನು ಆ ಲೆಕ್ಕದಿಂದ ಕಳೆಯುತ್ತಾರೆ, ಆದರೆ ಅರ್ಜಿಯೇ ತಡವಾದರೆ ಆ ತಡಕ್ಕೆ ರಿಯಾಯಿತಿ ಇಲ್ಲ. ಅರ್ಜಿ ಹಾಕಿದ ದಿನ, ಪ್ರತಿ ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಈ ಮೂರೂ ಪ್ರತಿಯ ಹಿಂಬದಿಯ ಸೀಲಿನಲ್ಲಿ ಇರುತ್ತವೆ. ಮೂಲ ಪತ್ರಗಳನ್ನು ಕೋರ್ಟಿನಿಂದ ವಾಪಸು ಪಡೆಯಲಿಕ್ಕೂ ಆಗಲೇ ವಕೀಲರಿಗೆ ಹೇಳಿಡಿ.

ಆ ಹೋಟೆಲಿನವರ ಕೇಸು ಆರು ವರ್ಷ ನಡೆದು ರಾಜಿಯಾಯಿತು. ಕೊನೆಯ ದಿನ ಬಂದಾಗ ಚೀಲದ ಬದಲು ನೀಲಿ ಬಾಕ್ಸ್ ಫೈಲು ಹಿಡಿದಿದ್ದರು. ಮೊದಲ ಪುಟದಲ್ಲಿ ನನ್ನ ಕೈಬರಹದ ಆ ತಾರೀಖು ಪಟ್ಟಿ, ಅದರ ಕೆಳಗೆ ಅವರದೇ ಅಕ್ಷರದಲ್ಲಿ ಇನ್ನೂ ಐವತ್ತಾರು ಸಾಲು. ಬೆಳ್ಳುಳ್ಳಿಯ ವಾಸನೆ ಮಾತ್ರ ಹಾಗೆಯೇ ಇತ್ತು.